ನೆಲದಡಿಯ ಎಣ್ಣೆ, ಕಾಗದದ ಮೇಲಿನ ಹಕ್ಕು

2021ರ ಜೂನ್ 28ರಂದು ಲಂಡನ್ನಿನ ಹೈಕೋರ್ಟ್ ಒಂದು ತೈಲ ಶೋಧ ಕಂಪನಿಯ ಮನವಿಯನ್ನು ತಳ್ಳಿಹಾಕಿತು. ಕಂಪನಿಯ ಹೆಸರು ಹರಿಕೇನ್ ಎನರ್ಜಿ. ಮರುವರ್ಷದ ಜುಲೈಗೆ ಅದರ ಸಾಲದ ಗಡುವು ಮುಗಿಯುತ್ತಿತ್ತು. ಅಷ್ಟರೊಳಗೆ ಸಾಲ ತೀರಿಸುವುದು ಆಗದ ಮಾತು, ಆದ್ದರಿಂದ ಸಾಲದ ಒಂದು ಭಾಗವನ್ನು ಬಿಡಿಸಿಕೊಂಡು ಬದಲಿಗೆ ಒಡೆತನದ ಶೇ 95ರಷ್ಟನ್ನು ಬಾಂಡುದಾರರಿಗೆ ಒಪ್ಪಿಸಲು ಅನುಮತಿ ಬೇಕು ಎಂಬುದು ಆಡಳಿತ ಮಂಡಳಿಯ ಕೋರಿಕೆ. ಅಲ್ಲಿಯವರೆಗೆ ಕಂಪನಿಯ ಒಡೆಯರಾಗಿದ್ದ ಷೇರುದಾರರಿಗೆ ಉಳಿಯುತ್ತಿದ್ದದ್ದು ಶೇ 5 ಮಾತ್ರ. ಬಾಂಡುದಾರರು ಇದಕ್ಕೆ ಒಪ್ಪಿದ್ದರು. ಷೇರುದಾರರ ಸಭೆಯಲ್ಲಿ ಚಲಾವಣೆಯಾದ ಮತಗಳಲ್ಲಿ ಶೇ 92ಕ್ಕೂ ಹೆಚ್ಚು ವಿರುದ್ಧವಾಗಿ ಬಿದ್ದವು. ನ್ಯಾಯಮೂರ್ತಿ ಝಕಾರೋಲಿ ಷೇರುದಾರರ ಆಕ್ಷೇಪವನ್ನು ಎತ್ತಿಹಿಡಿದರು. ತೀರಿಸಲಾಗದು ಎಂದು ಹೇಳಲಾಗಿದ್ದ ಆ ಸಾಲವನ್ನು ಕಂಪನಿ 2022ರ ಜುಲೈನಲ್ಲಿ ಪೂರ್ತಿ ತೀರಿಸಿತು.

ಕಷ್ಟಕ್ಕೆ ಸಿಲುಕಿದ ತೈಲ ಕಂಪನಿಗಳಿಗೆ ಜಗತ್ತಿನ ಷೇರುಪೇಟೆಗಳಲ್ಲಿ ಎಂದೂ ಬರವಿಲ್ಲ. ಅವುಗಳ ಭವಿಷ್ಯದ ಬಗ್ಗೆ ತಲೆಕೆಡಿಸಿಕೊಂಡು ವಾದಿಸುವ ಚಿಕ್ಕ ಷೇರುದಾರರಿಗೂ ಬರವಿಲ್ಲ. ಇಂಥ ಚರ್ಚೆಗಳನ್ನು ಪೇಟೆಯ ಪಂಡಿತರು ಸಾಮಾನ್ಯವಾಗಿ ಗದ್ದಲವೆಂದು ಪಕ್ಕಕ್ಕೆ ಸರಿಸುತ್ತಾರೆ. ಹರಿಕೇನ್ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಆ ತೀರ್ಮಾನ ಅರ್ಧ ಮಾತ್ರ ಸರಿ ಅನಿಸುತ್ತದೆ. ಚಿಕ್ಕ ಷೇರುದಾರರು ಬಂಡೆಯ ಬಗ್ಗೆ ಕಟ್ಟಿಕೊಂಡ ನಂಬಿಕೆ ಸುಳ್ಳಾಯಿತು. ಲೆಕ್ಕದ ಬಗ್ಗೆ, ತಮ್ಮ ಹಕ್ಕಿನ ಬಗ್ಗೆ ಅವರು ಹಿಡಿದ ಪಟ್ಟು ನಿಜವಾಯಿತು. ಈ ವ್ಯತ್ಯಾಸಕ್ಕೆ ಕಾರಣವಿದೆ. ಸಮುದ್ರದ ತಳದಿಂದ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಏನಿದೆ ಎಂಬುದನ್ನು ಹೊರಗಿನವರು ತಿಳಿಯಲಾರರು. ಆದರೆ ಹಣ ಬಂದರೆ ಯಾರಿಗೆ ಮೊದಲು, ಯಾರಿಗೆ ಕೊನೆಗೆ, ಯಾವ ದಿನಾಂಕದೊಳಗೆ ಎಂಬುದೆಲ್ಲ ಕಾಗದದ ಮೇಲೆ ಬರೆದಿಟ್ಟಿರುತ್ತದೆ, ಅದನ್ನು ಯಾರು ಬೇಕಾದರೂ ಓದಬಹುದು. ಆದ್ದರಿಂದ ಚಿಕ್ಕ ಷೇರುದಾರರ ಚರ್ಚೆ ನಡೆಯಬೇಕಾದದ್ದು ಈ ಎರಡನೆಯ ನೆಲದ ಮೇಲೆ ಎಂಬುದು ಈ ಲೇಖನದ ವಾದ.

ಬಿರುಕು ಬಿಟ್ಟ ಬಂಡೆಯ ಭರವಸೆ

ಭೂವಿಜ್ಞಾನಿ ರಾಬರ್ಟ್ ಟ್ರೈಸ್ ಕಟ್ಟಿದ ಕಂಪನಿ ಹರಿಕೇನ್. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಪಶ್ಚಿಮದ ಕಡಲು ಅದರ ಕಾರ್ಯಕ್ಷೇತ್ರ. ಎಣ್ಣೆ ಸಾಮಾನ್ಯವಾಗಿ ಸಿಗುವುದು ಮರಳುಗಲ್ಲು ಅಥವಾ ಸುಣ್ಣಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ. ಅವೆಲ್ಲದರ ಕೆಳಗಿರುವ ಗಟ್ಟಿ ತಳಶಿಲೆಯ ಬಿರುಕುಗಳಲ್ಲೂ ಅದು ತುಂಬಿಕೊಂಡಿರಬಹುದು ಎಂಬುದು ಟ್ರೈಸ್ ಅವರ ನಂಬಿಕೆ. ಇದು ಆಧಾರವಿಲ್ಲದ ಕನಸೇನೂ ಆಗಿರಲಿಲ್ಲ. ವಿಯೆಟ್ನಾಮಿನ ಬಾಕ್ ಹೊ ನಿಕ್ಷೇಪ ದಶಕಗಳ ಕಾಲ ಇಂಥದೇ ತಳಶಿಲೆಯಿಂದ ಎಣ್ಣೆ ಕೊಟ್ಟಿದೆ. 2009ರಲ್ಲಿ ಹರಿಕೇನ್ ಲ್ಯಾಂಕಾಸ್ಟರ್ ಎಂದು ಹೆಸರಿಟ್ಟ ನಿಕ್ಷೇಪವನ್ನು ಕಂಡುಹಿಡಿಯಿತು. 2014ರ ಫೆಬ್ರುವರಿಯಲ್ಲಿ ಷೇರಿಗೆ 43 ಪೆನ್ಸ್ ಬೆಲೆಯಲ್ಲಿ ಲಂಡನ್ನಿನ ಎಐಎಂ ಪೇಟೆಗೆ ಬಂತು. ಸಣ್ಣ, ಬೆಳೆಯುವ ಕಂಪನಿಗಳಿಗೆಂದೇ ಇರುವ ಈ ಪೇಟೆಯಲ್ಲಿ ಸಾಮಾನ್ಯ ಹೂಡಿಕೆದಾರರ ದೊಡ್ಡ ಬಳಗವೇ ಅದರ ಸುತ್ತ ಬೆಳೆಯಿತು.

ಈ ಬಂಡೆಯ ಸ್ವಭಾವ ಕರ್ನಾಟಕದ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆಬಾವಿಗೆ ನೀರು ಬರುವುದು ಇಂಥ ಗಟ್ಟಿ ಕಲ್ಲಿನ ಸೀಳುಗಳಿಂದಲೇ. ಸೀಳು ತಗುಲಿದ ದಿನ ನೀರು ಚಿಮ್ಮುತ್ತದೆ. ಆದರೆ ಮೊದಲ ದಿನದ ಚಿಮ್ಮು ಆ ಸೀಳು ಎಷ್ಟು ದೂರ ಹರಡಿದೆ, ಎಷ್ಟು ನೀರು ಹಿಡಿದಿದೆ, ಎಷ್ಟು ಕಾಲ ಕೊಡುತ್ತದೆ ಎಂಬುದನ್ನು ಹೇಳುವುದಿಲ್ಲ. ಅದು ಗೊತ್ತಾಗುವುದು ತಿಂಗಳುಗಟ್ಟಲೆ ಪಂಪು ಓಡಿಸಿದ ಮೇಲೆಯೇ. ಹರಿಕೇನ್ ಎಂಜಿನಿಯರುಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವರು ಇಡೀ ನಿಕ್ಷೇಪಕ್ಕೆ ಒಮ್ಮೆಲೇ ಕೈಹಾಕಲಿಲ್ಲ. ಎರಡೇ ಬಾವಿಗಳು, 'ಆಓಕಾ ಮಿಝು' ಎಂಬ ಒಂದು ತೇಲುವ ಉತ್ಪಾದನಾ ಹಡಗು, ಹಲವು ವರ್ಷ ಉತ್ಪಾದಿಸುತ್ತಲೇ ಬಂಡೆಯನ್ನು ಅರಿಯುವ ಏರ್ಪಾಡು — ಇಷ್ಟು ಅವರ ಮೊದಲ ಹಂತ. ಅಂದರೆ ಬಂಡೆಯಲ್ಲಿ ಎಷ್ಟಿದೆ ಎಂಬುದು ಇನ್ನೂ ಗೊತ್ತಿಲ್ಲ ಎಂಬುದನ್ನು ಯೋಜನೆಯ ಸ್ವರೂಪವೇ ಒಪ್ಪಿಕೊಂಡಿತ್ತು.

52 ಕೋಟಿಯಲ್ಲಿ ಎಷ್ಟು ಗಟ್ಟಿ?

2017ರಲ್ಲಿ ಸ್ವತಂತ್ರ ತಜ್ಞರ ವರದಿಯೊಂದು ಲ್ಯಾಂಕಾಸ್ಟರ್‌ನಲ್ಲಿ 52.3 ಕೋಟಿ ಬ್ಯಾರೆಲ್ ಎಣ್ಣೆಯನ್ನು ಅಂದಾಜಿಸಿತು. ಪೇಟೆಯ ಬಾಯಲ್ಲಿ ಉಳಿದದ್ದು ಈ ಸಂಖ್ಯೆ. ಆದರೆ ಅದರ ಒಳಗೆ ಎರಡು ಬೇರೆಬೇರೆ ಜಾತಿಯ ಅಂಕಿಗಳಿದ್ದವು. ತೈಲೋದ್ಯಮದಲ್ಲಿ ರಿಸರ್ವ್ ಎಂದು ಕರೆಸಿಕೊಳ್ಳಬೇಕಾದರೆ ಎಣ್ಣೆ ನೆಲದಡಿ ಇದ್ದರೆ ಸಾಲದು. ಅದನ್ನು ಲಾಭದಾಯಕವಾಗಿ ತೆಗೆಯುವ ಒಪ್ಪಿತ ಯೋಜನೆ, ಹಣ, ಪೇಟೆ ಎಲ್ಲವೂ ಇರಬೇಕು. ಇವುಗಳಲ್ಲಿ ಒಂದು ಕೊರತೆಯಾದರೂ ಅದು ಷರತ್ತಿಗೆ ಒಳಪಟ್ಟ ಸಂಪನ್ಮೂಲ ಮಾತ್ರ. 2ಪಿ ಎಂದು ಬರೆಯುವ ರಿಸರ್ವ್ ಅಂಕಿ ಕೂಡ ಭರವಸೆಯಲ್ಲ; ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸಿಗುವ ಸಾಧ್ಯತೆ ಶೇ 50 ಎಂದಷ್ಟೇ ಅದರ ಅರ್ಥ. ಲ್ಯಾಂಕಾಸ್ಟರ್‌ನ 52.3 ಕೋಟಿಯಲ್ಲಿ ರಿಸರ್ವ್ ಇದ್ದದ್ದು 3.73 ಕೋಟಿ ಬ್ಯಾರೆಲ್. ಉಳಿದ 48.6 ಕೋಟಿ, ಅಂದರೆ ಶೇ 93ರಷ್ಟು, ಷರತ್ತಿನದು. ಈ ವಿಂಗಡಣೆ ಗುಟ್ಟಾಗಿರಲಿಲ್ಲ. ವರದಿಯಲ್ಲೇ ಅಚ್ಚಾಗಿತ್ತು. ಆದರೂ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಯುವ ಲೆಕ್ಕಾಚಾರಗಳು ಪೇಟೆಯಲ್ಲಿ ನಡೆದವು: ಒಟ್ಟು ಬ್ಯಾರೆಲ್‌ಗಳನ್ನು ಒಂದು ಡಾಲರ್ ಮೌಲ್ಯದಿಂದ ಗುಣಿಸಿ, ಷೇರುಗಳ ಸಂಖ್ಯೆಯಿಂದ ಭಾಗಿಸಿ, ಇಂದಿನ ಬೆಲೆ ಅಗ್ಗವೆಂದು ಸಾರುವ ಲೆಕ್ಕ.

ಅದೇ 2017ರಲ್ಲಿ ಇನ್ನೊಂದು ಕಾಗದವೂ ಸಹಿಯಾಯಿತು. ಯೋಜನೆಗೆ ಹಣ ಹೊಂದಿಸಲು ಕಂಪನಿ ಷೇರಿಗೆ 32 ಪೆನ್ಸ್‌ನಂತೆ ಸುಮಾರು 30 ಕೋಟಿ ಡಾಲರ್ ಎತ್ತಿತು. ಜೊತೆಗೆ 23 ಕೋಟಿ ಡಾಲರ್ ಮೊತ್ತದ, ಶೇ 7.5 ಬಡ್ಡಿಯ, ಷೇರಾಗಿ ಪರಿವರ್ತಿಸಬಹುದಾದ ಬಾಂಡುಗಳನ್ನು ಹೊರಡಿಸಿತು. ಅವುಗಳ ಗಡುವು 2022ರ ಜುಲೈ. ಷೇರು ಬೆಲೆ ಏರಿದರೆ ಬಾಂಡುದಾರರು ಷೇರುದಾರರಾಗಿ ಲಾಭ ಹಂಚಿಕೊಳ್ಳಬಹುದು, ಬಿದ್ದರೆ ಸಾಲ ಕೊಟ್ಟವರಾಗಿ ಸಾಲಿನ ಮುಂದೆ ನಿಲ್ಲಬಹುದು. ಕಂಪನಿಯ ಭವಿಷ್ಯವನ್ನು ನಿರ್ಧರಿಸುವ ಶಕ್ತಿ ಬಂಡೆಗೆ ಎಷ್ಟಿತ್ತೋ ಈ ಕಾಗದಕ್ಕೂ ಅಷ್ಟೇ ಇತ್ತು. ನೆಲದಡಿಯ ಎಣ್ಣೆಗೆ ಕಾಲದ ಗಡುವಿಲ್ಲ, ಬಾಂಡಿಗೆ ಇದೆ. ಬಂಡೆ ತನ್ನ ಗುಟ್ಟು ಬಿಟ್ಟುಕೊಡಲು ಆರು ವರ್ಷ ತೆಗೆದುಕೊಂಡರೂ ಬಾಂಡು ಕಾಯುವುದು ಐದೇ ವರ್ಷ. ಈ ಹೊಂದಾಣಿಕೆಯಿಲ್ಲದ ಎರಡು ಗಡಿಯಾರಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಭೂವಿಜ್ಞಾನದ ಪದವಿ ಬೇಕಾಗಿರಲಿಲ್ಲ.

2019ರ ಜೂನ್‌ನಲ್ಲಿ ಮೊದಲ ಎಣ್ಣೆ ಬಂತು. ಬ್ರಿಟನ್ನಿನ ಕಡಲಲ್ಲಿ ಬಿರುಕುಬಿಟ್ಟ ತಳಶಿಲೆಯಿಂದ ವಾಣಿಜ್ಯ ಉತ್ಪಾದನೆ ಶುರುವಾದದ್ದು ಅದೇ ಮೊದಲು. ಹಾಗೆಂದು ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ನೆರೆಯ ವಾರ್ವಿಕ್ ನಿಕ್ಷೇಪದಲ್ಲಿ ಕೊರೆದ ಬಾವಿ ಆ ಬೇಸಿಗೆಯಲ್ಲೇ ನಿರಾಸೆ ತಂದಿತು. 2020ರಲ್ಲಿ ಲ್ಯಾಂಕಾಸ್ಟರ್‌ನ ಎರಡು ಬಾವಿಗಳಲ್ಲಿ ಒಂದರಿಂದ ಎಣ್ಣೆಯ ಜೊತೆ ನೀರು ನಿರೀಕ್ಷೆ ಮೀರಿ ಬರತೊಡಗಿ, ಅದನ್ನು ಮುಚ್ಚಬೇಕಾಯಿತು. ಕೋವಿಡ್ ಹೊಡೆತಕ್ಕೆ ಕಚ್ಚಾತೈಲದ ಬೆಲೆ ನೆಲ ಕಚ್ಚಿದ್ದೂ ಅದೇ ಹೊತ್ತಿಗೆ. ಜೂನ್‌ನಲ್ಲಿ ಟ್ರೈಸ್ ಕಂಪನಿ ಬಿಟ್ಟರು. ಸೆಪ್ಟೆಂಬರಿನ ತಾಂತ್ರಿಕ ಪರಿಶೀಲನೆ ರಿಸರ್ವ್ ಅಂದಾಜನ್ನು ಸುಮಾರು 1.6 ಕೋಟಿ ಬ್ಯಾರೆಲ್‌ಗೆ, ಷರತ್ತಿನ ಸಂಪನ್ಮೂಲವನ್ನು 48.6 ಕೋಟಿಯಿಂದ 5.8 ಕೋಟಿಗೆ ಇಳಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ರಿಸರ್ವ್ ಅರ್ಧಕ್ಕಿಂತ ಕೆಳಗೆ ಇಳಿದರೆ ಷರತ್ತಿನ ಭಾಗದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಕರಗಿತು. ಹೆಚ್ಚು ಅನಿಶ್ಚಿತವೆಂದು ವರದಿ ಯಾವುದನ್ನು ಬೇರೆ ಸಾಲಿನಲ್ಲಿ ಬರೆದಿತ್ತೋ ಅದೇ ಹೆಚ್ಚು ಕರಗಿತು.

ಪರಿಣತರಿಗೆ ಬಂಡೆ ತಿಳಿಯುತ್ತದೆ, ಚಿಕ್ಕವರಿಗೆ ತಿಳಿಯುವುದಿಲ್ಲ ಎಂಬ ವಾದ ಇಲ್ಲಿ ಬರಬಹುದು. ಅದು ನಿಲ್ಲುವುದಿಲ್ಲ. ಹರಿಕೇನ್‌ನ ವರದಿ ಬರೆದವರು ಪರಿಣತರೇ. ನಮ್ಮ ದೇಶದ ಕೃಷ್ಣಾ–ಗೋದಾವರಿ ಕೊಳ್ಳದಲ್ಲಿ ರಿಲಯನ್ಸ್ ಕೆಜಿ-ಡಿ6 ಅನಿಲ ನಿಕ್ಷೇಪವನ್ನು 2009ರಲ್ಲಿ ಶುರುಮಾಡಿದಾಗ ದಿನಕ್ಕೆ 8 ಕೋಟಿ ಘನ ಮೀಟರ್ ಉತ್ಪಾದನೆಯ ಗುರಿ ಇತ್ತು. ಅದು 2010ರಲ್ಲಿ 6 ಕೋಟಿಯ ಆಸುಪಾಸು ಮುಟ್ಟಿ, ಅಲ್ಲಿಂದ ಇಳಿಯುತ್ತಲೇ ಹೋಯಿತು. ಹಣಕ್ಕೂ ತಂತ್ರಜ್ಞಾನಕ್ಕೂ ಕೊರತೆಯಿಲ್ಲದ ಕಂಪನಿಗೂ ನೆಲದಡಿಯ ಲೆಕ್ಕ ತಪ್ಪಿತು. ಬಂಡೆಯ ವಿಷಯದಲ್ಲಿ ದೊಡ್ಡವರೂ ತಪ್ಪುತ್ತಾರೆ. ಚಿಕ್ಕ ಷೇರುದಾರರಿಗೂ ಅವರಿಗೂ ಇರುವ ಅಂತರ ಬೇರೆಡೆ ಇದೆ: ದೊಡ್ಡವರು ತಪ್ಪಿದಾಗ ಅವರನ್ನು ಕಾಯುವ ಕಾಗದಗಳು ಇರುತ್ತವೆ.

ಚರ್ಚೆ ಪಥ ಬದಲಿಸಿದಾಗ

2021ರ ಏಪ್ರಿಲ್ ಕೊನೆಯಲ್ಲಿ ಹರಿಕೇನ್ ಆಡಳಿತ ಮಂಡಳಿ ಪುನರ್ರಚನೆಯ ಯೋಜನೆಯನ್ನು ಮುಂದಿಟ್ಟಿತು. 5 ಕೋಟಿ ಡಾಲರ್ ಸಾಲ ಬಿಟ್ಟುಬಿಡುವುದಕ್ಕೆ ಪ್ರತಿಯಾಗಿ ಬಾಂಡುದಾರರಿಗೆ ಶೇ 95 ಷೇರು, ಉಳಿದ ಸಾಲಕ್ಕೆ ಗಡುವಿನ ವಿಸ್ತರಣೆ. ಇದಕ್ಕೆ ಆಸರೆಯಾದದ್ದು 2020ರಲ್ಲಿ ಬ್ರಿಟನ್ ತಂದ ಹೊಸ ಕಾನೂನು. ಒಂದು ವರ್ಗದವರು ಒಪ್ಪದಿದ್ದರೂ ನ್ಯಾಯಾಲಯ ಯೋಜನೆಯನ್ನು ಅವರ ಮೇಲೆ ಹೇರಬಹುದು ಎನ್ನುತ್ತದೆ ಅದು. ಆದರೆ ಅದಕ್ಕೊಂದು ಕಟ್ಟು ಇದೆ: ಯೋಜನೆ ಜಾರಿಯಾಗದೆ ಹೋದರೆ ನಡೆಯಬಹುದಾದದ್ದಕ್ಕೆ ಹೋಲಿಸಿದಾಗ, ಒಪ್ಪದ ವರ್ಗದ ಯಾರೊಬ್ಬರ ಸ್ಥಿತಿಯೂ ಯೋಜನೆಯಿಂದ ಕೆಡಬಾರದು. ಯೋಜನೆ ಇಲ್ಲದಿದ್ದರೆ ಷೇರುದಾರರಿಗೆ ಕೊನೆಗೆ ಏನೂ ಸಿಗುವುದಿಲ್ಲ, ಸೊನ್ನೆಗಿಂತ ಶೇ 5 ಮೇಲು ಎಂಬುದು ಕಂಪನಿಯ ತರ್ಕ.

ಇಲ್ಲಿ ಚರ್ಚೆಯ ನೆಲೆಯೇ ಬದಲಾಯಿತು. ಬಂಡೆಯಲ್ಲಿ ಎಷ್ಟು ಎಣ್ಣೆ ಇದೆ ಎಂಬುದು ಈಗ ಮುಖ್ಯ ಪ್ರಶ್ನೆಯಲ್ಲ. ಸಾಲದ ಗಡುವಿಗೆ ಇನ್ನೂ ಒಂದು ವರ್ಷವಿದೆ, ಉಳಿದ ಬಾವಿ ಎಣ್ಣೆ ಕೊಡುತ್ತಿದೆ, ಕಚ್ಚಾತೈಲದ ಬೆಲೆ ಏರುತ್ತಿದೆ, ಹೀಗಿರುವಾಗ ಇಂದೇ ಒಡೆತನ ಬಿಟ್ಟುಕೊಡುವ ತುರ್ತು ಏನು? ಷೇರುದಾರರು ಕೇಳಿದ ಈ ಪ್ರಶ್ನೆಗೆ ಉತ್ತರ ಕಂಪನಿಯ ನಗದು ಲೆಕ್ಕದಲ್ಲಿತ್ತು, ಬಾಂಡಿನ ಷರತ್ತುಗಳಲ್ಲಿತ್ತು, ತೈಲದ ದಿನದ ಬೆಲೆಯಲ್ಲಿತ್ತು. ಎಲ್ಲವೂ ಸಾರ್ವಜನಿಕ. ನ್ಯಾಯಮೂರ್ತಿ ಝಕಾರೋಲಿ ಹಿಡಿದ ಎಳೆಯೂ ಅದೇ. ಕಂಪನಿ ಇನ್ನೊಂದು ವರ್ಷ ಲಾಭದಲ್ಲೇ ನಡೆಯುವ ಸಂಭವವಿದೆ, ಸಾಲ ತೀರಿಸಿ ಷೇರುದಾರರಿಗೂ ಏನಾದರೂ ಉಳಿಯುವ ವಾಸ್ತವಿಕ ಸಾಧ್ಯತೆ ಇದೆ, ಆದ್ದರಿಂದ ಶೇ 100 ಉಳಿಸಿಕೊಳ್ಳುವುದಕ್ಕಿಂತ ಶೇ 5 ಉಳಿಸಿಕೊಳ್ಳುವುದು ಅವರಿಗೆ ನಷ್ಟವಲ್ಲ ಎಂದು ಸಾಬೀತಾಗಿಲ್ಲ ಎಂಬುದು ತೀರ್ಪಿನ ತಿರುಳು. ತೈಲ ಬೆಲೆ ಏರುತ್ತದೆ ಎಂದು ಅವರು ಭವಿಷ್ಯ ನುಡಿಯಲಿಲ್ಲ. ಏರುವ ಸಾಧ್ಯತೆ ಯಾರ ಸ್ವತ್ತು ಎಂಬುದನ್ನು ತೀರ್ಮಾನಿಸಿದರು.

ಮೂರು ಆಕ್ಷೇಪಗಳು

ಇದು ಬರೀ ಅದೃಷ್ಟ ಎಂಬುದು ಮೊದಲ ಆಕ್ಷೇಪ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡದಿದ್ದರೆ, ಬ್ರೆಂಟ್ ತೈಲ 100 ಡಾಲರ್ ದಾಟದಿದ್ದರೆ ಸಾಲ ತೀರುತ್ತಿತ್ತೇ? ಬೆಲೆಯೇರಿಕೆ ನೆರವಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಯುದ್ಧಕ್ಕೆ ಮುಂಚೆಯೇ, 2021ರಲ್ಲೇ, ಕಂಪನಿ ತನ್ನ ಬಾಂಡುಗಳ ಒಂದು ಭಾಗವನ್ನು ಮುಖಬೆಲೆಗಿಂತ ಕಡಿಮೆ ದರದಲ್ಲಿ ಮರಳಿ ಕೊಂಡಿತ್ತು. ಅದಕ್ಕಿಂತ ಮುಖ್ಯವಾದ ಉತ್ತರ ಬೇರೆ ಇದೆ. ಷೇರು ಎಂದರೇನೇ ಅದೃಷ್ಟದ ಮೇಲಿನ ಹಕ್ಕು. ಬಾಂಡುದಾರರಿಗೆ ಬಡ್ಡಿ ಮತ್ತು ಅಸಲಿನ ಮಾತು ಕೊಟ್ಟಿರುತ್ತದೆ. ಷೇರುದಾರರಿಗೆ ಕೊಟ್ಟಿರುವುದು ಎಲ್ಲರಿಗೂ ಕೊಟ್ಟು ಉಳಿದದ್ದು ಮಾತ್ರ. ಕೆಟ್ಟ ದಿನಗಳ ಪೂರ್ತಿ ಭಾರ ಹೊತ್ತವರಿಂದ ಒಳ್ಳೆಯ ದಿನಗಳ ಸಾಧ್ಯತೆಯನ್ನು ಗಡುವಿಗೆ ಮೊದಲೇ ಕಿತ್ತುಕೊಳ್ಳುವುದು ಒಪ್ಪಂದದ ಆತ್ಮಕ್ಕೆ ಮಾಡುವ ಅನ್ಯಾಯ. ಬೆಲೆ ಏರದೆ ಹೋಗಿದ್ದರೂ ಆ ತೀರ್ಪು ಸರಿಯಾಗಿಯೇ ಇರುತ್ತಿತ್ತು.

ಗೆದ್ದವರು ಚಿಕ್ಕ ಷೇರುದಾರರಲ್ಲ, ಅವರ ಮುಂದೆ ನಿಂತ ದೊಡ್ಡ ಷೇರುದಾರ ಸಂಸ್ಥೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ನ್ಯಾಯಾಲಯದ ಹೋರಾಟಕ್ಕೆ ಮುಂದಾಳಾದದ್ದು ಕ್ರಿಸ್ಟಲ್ ಆಂಬರ್ ಎಂಬ ಹೂಡಿಕೆ ನಿಧಿ. ವಕೀಲರಿಗೆ ಕೊಡುವ ಹಣ, ತಜ್ಞರ ಸಾಕ್ಷ್ಯ ಯಾವುದೂ ನೂರು ಪೌಂಡ್ ಹೂಡಿದವರ ಕೈಗೆಟಕುವುದಲ್ಲ. ಹಾಗಾದರೆ ಚಿಕ್ಕವರ ಪಾತ್ರ ಏನೂ ಇಲ್ಲವೇ? ಇದೆ, ಅದು ಮತದ ಪಾತ್ರ. ಶೇ 92ರಷ್ಟು ವಿರೋಧ ಒಂದೇ ನಿಧಿಯಿಂದ ಬರಲಾರದು. ಚದುರಿಹೋದ ಸಾವಿರಾರು ಷೇರುದಾರರು ಯೋಜನೆಯನ್ನು ಓದಿ, ಅರ್ಥ ಮಾಡಿಕೊಂಡು, ಮತ ಹಾಕಿದ್ದರಿಂದ ಬಂತು. ನಿಧಿಯ ಹಣಕ್ಕೆ ಚಿಕ್ಕವರ ಮತ ಬೇಕಿತ್ತು, ಚಿಕ್ಕವರ ಮತಕ್ಕೆ ನಿಧಿಯ ದನಿ ಬೇಕಿತ್ತು. ಷೇರುದಾರರ ಚರ್ಚೆಗೆ ನಿಜವಾದ ಬೆಲೆ ಬರುವುದು ಅದು ಇಂಥ ಕೂಟವನ್ನು ಕಟ್ಟಿದಾಗ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇಷ್ಟೆಲ್ಲ ಗೆದ್ದು ಸಿಕ್ಕಿದ್ದೇನು? 2023ರಲ್ಲಿ ಪ್ರಾಕ್ಸ್ ಸಮೂಹ ಹರಿಕೇನ್ ಅನ್ನು ಕೊಂಡಾಗ ಷೇರಿಗೆ ಗರಿಷ್ಠ 12.5 ಪೆನ್ಸ್ ವರೆಗೆ ಎಂಬ ಒಪ್ಪಂದವಾಯಿತು. ಅದರಲ್ಲೂ ಅರ್ಧದಷ್ಟು ಭಾಗ ಮುಂದಿನ ವರ್ಷಗಳ ತೈಲ ಆದಾಯಕ್ಕೆ ಕಟ್ಟುಬಿದ್ದದ್ದು. 43 ಪೆನ್ಸ್‌ಗೋ 32 ಪೆನ್ಸ್‌ಗೋ ಕೊಂಡವರಿಗೆ ಇದು ದೊಡ್ಡ ನಷ್ಟವೇ. ಈ ಸತ್ಯವನ್ನು ಮುಚ್ಚಿಟ್ಟು ಗೆಲುವಿನ ಕಥೆ ಹೇಳುವುದು ಓದುಗರಿಗೆ ಮಾಡುವ ಮೋಸ. ಆದರೆ ಈ ನಷ್ಟ ಬಂದದ್ದು ಎಲ್ಲಿಂದ? ಬಂಡೆಯ ಮೇಲಿಟ್ಟ ನಂಬಿಕೆಯಿಂದ. ಉಳಿದಷ್ಟು ಉಳಿದದ್ದು ಹಕ್ಕಿನ ಮೇಲಿನ ಪಟ್ಟಿನಿಂದ. ಅಲ್ಲಿಗೂ ಕಾಗದದ ಕೆಲಸ ಮುಗಿಯಲಿಲ್ಲ. 2025ರ ಜೂನ್‌ನಲ್ಲಿ ಪ್ರಾಕ್ಸ್ ಸಮೂಹದ ಮಾತೃಸಂಸ್ಥೆಯೇ ದಿವಾಳಿ ಪ್ರಕ್ರಿಯೆಗೆ ಸಿಲುಕಿತು, ಅದರ ಲಿಂಡ್ಸಿ ಸಂಸ್ಕರಣಾಗಾರ ಸರ್ಕಾರಿ ಅಧಿಕಾರಿಯ ಸುಪರ್ದಿಗೆ ಹೋಯಿತು. ಮುಂದೆ ಕೊಡುತ್ತೇವೆಂಬ ಮಾತಿನ ಬೆಲೆ ಆ ಮಾತು ಕೊಟ್ಟವರ ಆರ್ಥಿಕ ಬಲದಷ್ಟೇ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ಬೇಕಿಲ್ಲ.

ನಮ್ಮ ಷೇರುದಾರರಿಗೆ ಏನಿದೆ?

ಭಾರತದಲ್ಲಿ ಡಿಮ್ಯಾಟ್ ಖಾತೆಗಳ ಸಂಖ್ಯೆ 2024ರ ಮೊದಲ ತಿಂಗಳುಗಳಲ್ಲೇ 15 ಕೋಟಿ ದಾಟಿತು. ಈ ಹೊಸ ಷೇರುದಾರರಿಗೆ ಸಂಕಟದ ಹೊತ್ತಿನಲ್ಲಿ ಇರುವ ದನಿ ಎಷ್ಟು ಎಂಬುದನ್ನು ಅದೇ 2021ರ ಜೂನ್ ತಿಂಗಳೇ ತೋರಿಸಿಕೊಟ್ಟಿತು. ಲಂಡನ್ನಿನಲ್ಲಿ ಷೇರುದಾರರ ಆಕ್ಷೇಪ ಗೆದ್ದ ತಿಂಗಳಲ್ಲೇ ನಮ್ಮಲ್ಲಿ ಡಿಎಚ್‌ಎಫ್‌ಎಲ್ ಗೃಹಸಾಲ ಕಂಪನಿಯನ್ನು ಪಿರಮಲ್ ಸಮೂಹಕ್ಕೆ ವಹಿಸುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಹಳೆಯ ಷೇರುಗಳ ಬೆಲೆ ಸೊನ್ನೆಯಾಯಿತು. ಎರಡು ಪ್ರಕರಣಗಳೂ ಒಂದೇ ಅಲ್ಲ. ಡಿಎಚ್‌ಎಫ್‌ಎಲ್ ಸಾಲದ ಹೊರೆ ಅಗಾಧವಾಗಿತ್ತು, ಅದು ಆಗಲೇ ದಿವಾಳಿ ಪ್ರಕ್ರಿಯೆಯಲ್ಲಿತ್ತು. ಆದರೆ ವ್ಯವಸ್ಥೆಯ ವ್ಯತ್ಯಾಸ ಗಮನಿಸಬೇಕಾದದ್ದು. ನಮ್ಮ 2016ರ ದಿವಾಳಿ ಸಂಹಿತೆಯಲ್ಲಿ ನಿರ್ಧಾರ ಸಾಲ ಕೊಟ್ಟವರ ಸಮಿತಿಯದು. ಷೇರುದಾರರು ಹಣದ ಸಾಲಿನಲ್ಲಿ ಕೊನೆಯವರು, ಯೋಜನೆಗೆ ಅವರ ಮತ ಬೇಕಿಲ್ಲ. ದಿವಾಳಿಗೆ ಮುಂಚಿನ ಪುನರ್ರಚನೆಗೆ ಕಂಪನಿ ಕಾಯ್ದೆಯ 230ನೇ ಕಲಂ ಇದೆ. ಅಲ್ಲಿ ಷೇರುದಾರರಿಗೆ ಮತವುಂಟು, ಆದರೆ ಆಕ್ಷೇಪ ಎತ್ತಬೇಕಾದರೆ ಕನಿಷ್ಠ ಶೇ 10ರಷ್ಟು ಷೇರು ಕೈಯಲ್ಲಿರಬೇಕು. ಒಬ್ಬೊಬ್ಬರೇ ನಿಂತರೆ ಚಿಕ್ಕ ಷೇರುದಾರರಿಗೆ ಈ ಮಿತಿ ಎಟಕುವುದಿಲ್ಲ.

ಆದ್ದರಿಂದ ನಮ್ಮ ಚಿಕ್ಕ ಷೇರುದಾರರಿಗೆ ಒಗ್ಗೂಡುವುದು ಬ್ರಿಟನ್ನಿನವರಿಗಿಂತ ಹೆಚ್ಚು ಅಗತ್ಯ, ಮುಂಚೆಯೇ ಎಚ್ಚರಗೊಳ್ಳುವುದು ಅದಕ್ಕಿಂತ ಹೆಚ್ಚು ಅಗತ್ಯ. ಕಂಪನಿ ದಿವಾಳಿ ನ್ಯಾಯಮಂಡಳಿಯ ಬಾಗಿಲು ದಾಟಿದ ಮೇಲೆ ಷೇರುದಾರರಿಗೆ ಮಾತಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಹಕ್ಕು ಬಳಸಬೇಕಾದದ್ದು ಅದಕ್ಕೆ ಮೊದಲು: ಸಾಲ ಎತ್ತುವ ನಿರ್ಣಯ ಸಭೆಗೆ ಬಂದಾಗ, ಹೊಸ ಷೇರುಗಳನ್ನು ಅಗ್ಗದ ಬೆಲೆಗೆ ಆಯ್ದ ಕೆಲವರಿಗೆ ಕೊಡುವ ಪ್ರಸ್ತಾವ ಬಂದಾಗ, ನಿರ್ದೇಶಕರ ಮರುನೇಮಕಾತಿ ಬಂದಾಗ. ಪಟ್ಟಿಯಾದ ಕಂಪನಿಗಳು ಮನೆಯಲ್ಲೇ ಕುಳಿತು ಮತ ಹಾಕುವ ಇ-ವೋಟಿಂಗ್ ಸೌಲಭ್ಯ ಒದಗಿಸಲೇಬೇಕು ಎಂಬ ನಿಯಮವಿದೆ. ಸಾಲು ಸಾಲಾಗಿ ಬರುವ ಆ ನೋಟಿಸುಗಳನ್ನು ಓದದೆ ಬಿಡುವ ಷೇರುದಾರರು ತಮಗಿರುವ ಒಂದೇ ಆಯುಧವನ್ನು ಕೆಳಗಿಟ್ಟಂತೆ. ಷೇರುಪೇಟೆಯ ನಿಯಂತ್ರಕ ಸೆಬಿ ಮತ್ತು ಸರ್ಕಾರದ ಪಾಲಿನ ಕೆಲಸವೂ ಇದೆ. ಷೇರುದಾರರ ಪಾಲನ್ನು ಅಳಿಸಿಹಾಕುವ ಯಾವುದೇ ಯೋಜನೆಗೆ ಮುನ್ನ ಅವರ ದೃಷ್ಟಿಯಿಂದ ಮಾಡಿದ ಸ್ವತಂತ್ರ ಮೌಲ್ಯಮಾಪನ ಅವರ ಭಾಷೆಯಲ್ಲೇ ಅವರಿಗೆ ತಲುಪಬೇಕು. ಯೋಜನೆ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಕಂಪನಿ ಪುರಾವೆ ಸಹಿತ ಉತ್ತರಿಸಬೇಕು. ಸಾಲ ಕೊಟ್ಟವರ ಹಣ ಸುರಕ್ಷಿತವಾಗಿರಲಿ ಎಂಬ ಕಾಳಜಿ ನ್ಯಾಯವಾದದ್ದೇ. ಆದರೆ ಸಾಲ ಕೊಟ್ಟವರಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಸಿಗಬಾರದು ಎಂಬುದೂ ಅದೇ ನ್ಯಾಯದ ಭಾಗ.

ತೈಲ ಕಂಪನಿಯ ಷೇರು ಹಿಡಿದು ಅದರ ಭವಿಷ್ಯ ಚರ್ಚಿಸುವವರಿಗೆ ಹರಿಕೇನ್ ಕಲಿಸುವ ಕ್ರಮ ಕಷ್ಟದ್ದೇನಲ್ಲ. ವರದಿಯ ಒಟ್ಟು ಅಂಕಿಯಲ್ಲಿ ರಿಸರ್ವ್ ಎಷ್ಟು ಎಂದು ಬಿಡಿಸಿ ನೋಡಬೇಕು. ಸಾಲದ ಗಡುವು ಯಾವಾಗ, ಅಷ್ಟರೊಳಗೆ ಬರುವ ನಗದು ಎಷ್ಟು ಎಂದು ಹೋಲಿಸಬೇಕು. ಕಂಪನಿ ಎಡವಿದರೆ ಹಣದ ಸಾಲಿನಲ್ಲಿ ತಮ್ಮ ಮುಂದೆ ಯಾರಿದ್ದಾರೆ, ಆ ಸಾಲನ್ನು ಬದಲಿಸಲು ತಮ್ಮ ಮತ ಬೇಕೋ ಬೇಡವೋ ಎಂದು ತಿಳಿದುಕೊಳ್ಳಬೇಕು. ಈ ಮೂರಕ್ಕೂ ಉತ್ತರ ಹುಡುಕದೆ ಬಂಡೆಯ ಬಗ್ಗೆ ಎಷ್ಟು ವಾದಿಸಿದರೂ ಆ ವಾದ ಹಾರೈಕೆಯ ಮಟ್ಟ ದಾಟುವುದಿಲ್ಲ. ಇವುಗಳಿಗೆ ಉತ್ತರ ಕಂಡುಕೊಂಡು, ಪರಸ್ಪರ ಹಂಚಿಕೊಂಡು, ಸಭೆಯಲ್ಲಿ ಮತವಾಗಿ ಚಲಾಯಿಸುವ ಷೇರುದಾರರ ಬಳಗವನ್ನು ಗದ್ದಲ ಎಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ. ಕಂಪನಿಯ ಒಡೆತನದ ಹೊಣೆಯನ್ನು ಅವರಷ್ಟು ಸರಿಯಾಗಿ ನಿಭಾಯಿಸುವವರು ವಿರಳ.